ವೇಗದ ಕಾರಿನ ವಿಮೆ: ಅಗ್ಗದ ಪಾಲಿಸಿ, ವಿಶೇಷ ಪಾಲಿಸಿಗಳ ಒಂದು ತುಲನೆ

ಮುಂದೆ ಒದಗಬಹುದಾದ ದೊಡ್ಡ ನಷ್ಟವನ್ನು ಇಂದಿನ ಒಂದು ಸಣ್ಣ, ನಿಶ್ಚಿತ ವೆಚ್ಚವನ್ನಾಗಿ ಮಾರ್ಪಡಿಸಿಕೊಳ್ಳುವ ಏರ್ಪಾಡೇ ವಿಮೆಯೆಂದು ನಾವು ತರಗತಿಗಳಲ್ಲಿ ಹೇಳುತ್ತ ಬಂದಿದ್ದೇವೆ. ಮಾತು ನಿಜವೇ, ಆದರೆ ಅಪೂರ್ಣ. ಅಕ್ಕಿಯನ್ನು ಕೊಳ್ಳುವವನು ನಾಲ್ಕು ಕಾಳನ್ನು ಅಂಗೈಯಲ್ಲಿಟ್ಟು ನೋಡಬಲ್ಲನು; ಬಟ್ಟೆಯನ್ನು ಕೊಳ್ಳುವವನು ಅದರ ಅಂಚನ್ನು ತಿಕ್ಕಿ ಪರೀಕ್ಷಿಸಬಲ್ಲನು. ವಿಮೆಯನ್ನು ಕೊಳ್ಳುವವನ ಕೈಗೆ ಬರುವುದು ಒಂದು ವಾಗ್ದಾನ ಮಾತ್ರ. ಆ ವಾಗ್ದಾನದ ಗುಣ ಎಂತಹುದೆಂಬುದು ನಷ್ಟ ಸಂಭವಿಸಿದ ದಿನವಲ್ಲದೆ ತಿಳಿಯುವುದಿಲ್ಲ. ನಷ್ಟವೇ ಆಗದಿದ್ದರೆ ಎಂದೆಂದಿಗೂ ತಿಳಿಯುವುದಿಲ್ಲ. ಹೀಗಿರುವುದರಿಂದ ಕೊಳ್ಳುವವನ ಕಣ್ಣಿಗೆ ಸ್ಪಷ್ಟವಾಗಿ ಕಾಣುವ ಗುಣ ಒಂದೇ: ಬೆಲೆ.

ಈ ವಿಚಾರವನ್ನು ಬರೆಯಲು ನಮಗೆ ಪ್ರೇರಣೆಯಾದದ್ದು ಒಂದು ಪತ್ರ. ನಮ್ಮ ವಿಭಾಗದಲ್ಲಿ ಓದಿ, ಈಗ ಹಲವು ವರ್ಷಗಳಿಂದ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ನೆಲಸಿರುವ ಹಳೆಯ ವಿದ್ಯಾರ್ಥಿಯೊಬ್ಬರು 2017ರಲ್ಲಿ ತಯಾರಾದ ನಿಸಾನ್ ಜಿ.ಟಿ.-ಆರ್. ಕಾರೊಂದನ್ನು ಕೊಂಡರು. ಅದರ ವಿಮೆಗಾಗಿ ಎರಡು ಕಡೆಗಳಿಂದ ದರ ತರಿಸಿದರು. ಅಂತರಜಾಲದ ಬೆಲೆ ತುಲನಾ ತಾಣದಲ್ಲಿ ದೊರೆತ ಸಾಮಾನ್ಯ ಪಾಲಿಸಿಗೆ ವರ್ಷಕ್ಕೆ 960 ಪೌಂಡು. ವೇಗದ ಕಾರುಗಳ ವಿಮೆಯನ್ನೇ ವೃತ್ತಿಯಾಗಿ ನಡೆಸುವ ದಲ್ಲಾಳಿಯೊಬ್ಬರ ಪಾಲಿಸಿಗೆ 1,380 ಪೌಂಡು. "ಎರಡೂ ಸಂಪೂರ್ಣ ರಕ್ಷಣೆಯ ಪಾಲಿಸಿಗಳೇ ಎಂದು ಬರೆದಿದೆ. ಹಾಗಿದ್ದ ಮೇಲೆ 420 ಪೌಂಡು ಹೆಚ್ಚಾಗಿ ಏಕೆ ಕೊಡಬೇಕು, ಸಾರ್?" ಎಂದು ಕೇಳಿದ್ದರು. ಪ್ರಶ್ನೆ ಸರಳವೆಂದು ತೋರಿತು. ಉತ್ತರ ಬರೆಯಲು ಕುಳಿತಾಗ ವಿಮಾಶಾಸ್ತ್ರದ ಮೂಲತತ್ತ್ವಗಳನ್ನೆಲ್ಲ ಮತ್ತೊಮ್ಮೆ ತಿರುವಿಹಾಕಬೇಕಾಯಿತು.

ಮೊದಲು ಕಾರಿನ ವಿಷಯ. ಬ್ರಿಟನ್ನಿನಲ್ಲಿ ಕಾರುಗಳನ್ನು ವಿಮೆಯ ಸಲುವಾಗಿ 1ರಿಂದ 50ರವರೆಗಿನ ವರ್ಗಗಳಾಗಿ ವಿಂಗಡಿಸುವ ಪದ್ಧತಿಯೊಂದು ಬೆಳೆದುಬಂದಿತ್ತು. ವಿಮಾ ಕಂಪೆನಿಗಳ ಪ್ರತಿನಿಧಿಗಳ ಮಂಡಲಿಯೊಂದು ಥ್ಯಾಚಮ್ ಸಂಶೋಧನ ಸಂಸ್ಥೆಯ ನೆರವಿನಿಂದ ಇದನ್ನು ನಿರ್ಧರಿಸುತ್ತಿತ್ತು. ಕಾರಿನ ವೇಗವೊಂದೇ ಇಲ್ಲಿ ಗಣನೆಗೆ ಬರುತ್ತಿತ್ತೆಂದು ಭಾವಿಸಬಾರದು. ಹೊಸ ಕಾರಿನ ಬೆಲೆ, ಬಿಡಿಭಾಗಗಳ ಬೆಲೆ, ದುರಸ್ತಿಗೆ ತಗಲುವ ಕಾಲ, ಕಳ್ಳತನವನ್ನು ತಡೆಯುವ ಸಾಧನಗಳು ಇವೆಲ್ಲವೂ ಬರುತ್ತಿದ್ದುವು. ಜಿ.ಟಿ.-ಆರ್. ಇರುವುದು ಕಟ್ಟಕಡೆಯ 50ನೆಯ ವರ್ಗದಲ್ಲಿ. 3.8 ಲೀಟರಿನ, ಎರಡು ಟರ್ಬೊಗಳುಳ್ಳ ಅದರ ಎಂಜಿನನ್ನು ಜಪಾನಿನ ಯೊಕೊಹಾಮದಲ್ಲಿ ನುರಿತ ಕುಶಲಕರ್ಮಿಯೊಬ್ಬನೇ ಕೈಯಿಂದ ಜೋಡಿಸುತ್ತಿದ್ದನು. ಗೇರುಪೆಟ್ಟಿಗೆ ಎಂಜಿನಿನ ಬೆನ್ನಿಗೆ ಅಂಟಿಕೊಂಡಿರದೆ ಹಿಂದಿನ ಅಚ್ಚಿನ ಬಳಿ ಇದೆ. ಇಂತಹ ಯಂತ್ರದ ಸಣ್ಣ ಜಖಮಿನ ದುರಸ್ತಿಯೂ ಸಣ್ಣ ವೆಚ್ಚದಲ್ಲಿ ಮುಗಿಯುವುದಿಲ್ಲ. ಅಲ್ಲದೆ ಯೂರೋಪಿನಲ್ಲಿ ಈ ಕಾರಿನ ಮಾರಾಟ 2022ರಲ್ಲಿಯೇ ನಿಂತಿತು. 2025ರ ಆಗಸ್ಟಿನಲ್ಲಿ ತಯಾರಿಕೆಯೇ ಮುಕ್ತಾಯವಾಯಿತು. ಕಾರುಗಳ ಬೆಲೆ ವರ್ಷ ಕಳೆದಂತೆ ಇಳಿಯುವುದು ಸಾಮಾನ್ಯ ನಿಯಮ; ತಯಾರಿಕೆ ನಿಂತು, ಬಯಸುವವರು ಉಳಿದ ಕಾರುಗಳಿಗೆ ಈ ನಿಯಮ ಹಾಗೆಯೇ ಅನ್ವಯಿಸುವುದಿಲ್ಲ.

ಇಲ್ಲಿಂದಲೇ ಎರಡು ಪಾಲಿಸಿಗಳ ದಾರಿಗಳು ಬೇರೆಯಾಗುತ್ತವೆ. ನಷ್ಟಭರ್ತಿ ವಿಮೆಯ ಮೂಲತತ್ತ್ವವನ್ನು 1883ರ ಕ್ಯಾಸ್ಟಲೈನ್ ವಿರುದ್ಧ ಪ್ರೆಸ್ಟನ್ ಮೊಕದ್ದಮೆಯ ತೀರ್ಪು ಸ್ಪಷ್ಟಪಡಿಸಿತೆಂಬುದನ್ನು ವಾಣಿಜ್ಯಶಾಸ್ತ್ರದ ವಿದ್ಯಾರ್ಥಿಗಳೆಲ್ಲರೂ ಬಲ್ಲರು. ವಿಮೆ ಮಾಡಿಸಿದವನಿಗೆ ನಷ್ಟ ಪೂರ್ತಿಯಾಗಿ ತುಂಬಿಬರಬೇಕು. ಆದರೆ ನಷ್ಟಕ್ಕಿಂತ ಒಂದು ಕಾಸೂ ಹೆಚ್ಚಾಗಿ ಬರಕೂಡದು. ಸಾಮಾನ್ಯ ಕಾರಿನ ಪಾಲಿಸಿ ಈ ತತ್ತ್ವವನ್ನು "ಮಾರುಕಟ್ಟೆ ಬೆಲೆ" ಎಂಬ ಎರಡು ಪದಗಳಲ್ಲಿ ಅಡಗಿಸಿಕೊಂಡಿದೆ. ಕಾರು ಕಳುವಾದರೆ ಅಥವಾ ದುರಸ್ತಿಗೆ ಮೀರಿ ಹಾಳಾದರೆ, ಆ ಕ್ಷಣಕ್ಕೆ ಮುಂಚೆ ಅದು ಪೇಟೆಯಲ್ಲಿ ಎಷ್ಟಕ್ಕೆ ಮಾರಾಟವಾಗುತ್ತಿತ್ತೋ ಅಷ್ಟನ್ನು ಕಂಪೆನಿ ಕೊಡುತ್ತದೆ. ಲಕ್ಷಗಟ್ಟಲೆ ಮಾರಾಟವಾಗುವ ಸಣ್ಣ ಕಾರಿನ ವಿಷಯದಲ್ಲಿ ಈ ಬೆಲೆಯನ್ನು ಕಂಡುಹಿಡಿಯುವುದು ಕಷ್ಟವಲ್ಲ. ವ್ಯಾಪಾರಿಗಳ ಬೆಲೆಪಟ್ಟಿಗಳಿವೆ, ಪ್ರತಿದಿನವೂ ಜಾಹೀರಾತುಗಳು ಬರುತ್ತಿವೆ. ಅಪರೂಪದ ಕಾರಿನ ವಿಷಯದಲ್ಲಾದರೋ ಪೇಟೆಯೇ ತೆಳುವಾದದ್ದು. ಒಂದೇ ವರ್ಷ ತಯಾರಾದ ಎರಡು ಜಿ.ಟಿ.-ಆರ್.ಗಳಲ್ಲಿ ಒಂದರ ಸೇವಾ ದಾಖಲೆ ಪೂರ್ಣವಾಗಿದ್ದು ಇನ್ನೊಂದರದು ಅರ್ಧಕ್ಕೆ ನಿಂತಿದ್ದರೆ ಅವುಗಳ ಬೆಲೆಯಲ್ಲಿ ಸಾವಿರಾರು ಪೌಂಡುಗಳ ಅಂತರವಿರಬಹುದು. ಬೆಲೆಪಟ್ಟಿ ಈ ಅಂತರವನ್ನು ಬಲ್ಲದೆ? ಬಲ್ಲದು, ಸ್ವಲ್ಪಮಟ್ಟಿಗೆ. ಸಾಮಾನ್ಯ ಕಾರುಗಳ ವಿಷಯದಲ್ಲಿಯೂ ಕಂಪೆನಿಗಳು ಬೆಲೆಯನ್ನು ಕಡಮೆಯಾಗಿ ಕಟ್ಟಬಾರದೆಂದು ಬ್ರಿಟನ್ನಿನ ಹಣಕಾಸು ನಿಯಂತ್ರಣಾಧಿಕಾರವು 2022ರ ಡಿಸೆಂಬರಿನಲ್ಲಿ ಎಚ್ಚರಿಕೆ ಕೊಡಬೇಕಾಯಿತೆಂಬುದನ್ನು ನೆನೆದರೆ, ಅಪರೂಪದ ಕಾರಿನ ಒಡೆಯನ ಆತಂಕ ನಿರಾಧಾರವಲ್ಲವೆಂದು ತೋರುತ್ತದೆ.

ವಿಶೇಷ ಪಾಲಿಸಿಯ ಮುಖ್ಯ ಆಕರ್ಷಣೆ "ಒಪ್ಪಿದ ಬೆಲೆ". ವಿಮೆ ಆರಂಭವಾಗುವ ಮೊದಲೇ ಕಾರಿನ ಛಾಯಾಚಿತ್ರಗಳು, ದಾಖಲೆಗಳು, ಕೆಲವು ವೇಳೆ ಕಾರು ಸಂಘದ ಮೌಲ್ಯಪತ್ರ ಇವುಗಳನ್ನು ನೋಡಿ ಇಬ್ಬರೂ ಒಂದು ಮೊತ್ತಕ್ಕೆ ಒಪ್ಪುತ್ತಾರೆ. ಕಾರು ಪೂರ್ತಿ ನಷ್ಟವಾದರೆ ಸಲ್ಲಬೇಕಾದದ್ದು ಆ ಮೊತ್ತ. ಇದು ಕಾರಿನ ಲೋಕದ ಹೊಸ ಸೃಷ್ಟಿಯಲ್ಲ. ಸಮುದ್ರಮಧ್ಯದಲ್ಲಿ ಮುಳುಗಿದ ಹಡಗಿಗೆ ಅಂದಿನ ಪೇಟೆಯ ಧಾರಣೆ ಏನೆಂದು ಯಾರು ಹೇಳಬಲ್ಲರು? ಆದುದರಿಂದಲೇ ಹಡಗಿನ ವ್ಯಾಪಾರಿಗಳು ಬೆಲೆಯನ್ನು ಮುಂಗಡವಾಗಿ ನಿಗದಿಮಾಡಿಕೊಳ್ಳುವ ಪಾಲಿಸಿಯನ್ನು ರೂಢಿಗೆ ತಂದರು. 1906ರ ಬ್ರಿಟಿಷ್ ಸಾಗರ ವಿಮಾ ಶಾಸನ ಅದನ್ನು ಅಂಗೀಕರಿಸಿ, ವಂಚನೆಯಿಲ್ಲದಿದ್ದರೆ ಆ ಬೆಲೆಯೇ ಅಂತಿಮವೆಂದು ವಿಧಿಸಿತು. ಮೋಟಾರು ವಾಹನವನ್ನು ಒಣನೆಲದಲ್ಲಿ ಸಂಚರಿಸುವ ಹಡಗೆಂದು ಭಾವಿಸಿ ಲಂಡನ್ನಿನ ಲಾಯ್ಡ್ಸ್ ಪೇಟೆ ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ವಿಮೆ ಬರೆಯಿತೆಂಬ ಪ್ರಸಿದ್ಧವಾದ ಮಾತೊಂದಿದೆ. ಒಪ್ಪಿದ ಬೆಲೆಯ ಕಾರು ಪಾಲಿಸಿಯನ್ನು ನೋಡಿದಾಗ ಆ ಹೋಲಿಕೆ ಬರಿಯ ವಿನೋದವಲ್ಲವೆನ್ನಿಸುತ್ತದೆ.

ಆದರೆ ಒಪ್ಪಿದ ಬೆಲೆಯನ್ನು ಕುರಿತು ಅತಿಯಾದ ಭ್ರಮೆಯೂ ಸಲ್ಲದು. ಅದು ಪೂರ್ತಿ ನಷ್ಟಕ್ಕೆ ಮಾತ್ರ ಅನ್ವಯಿಸುವ ಮಾತು. ಬಂಪರು ಮುರಿದರೆ ಅದರಿಂದ ಪ್ರಯೋಜನವೇನೂ ಇಲ್ಲ. ಮತ್ತು ಅದು ಒಮ್ಮೆ ಒಪ್ಪಿ ಮರೆತುಬಿಡುವ ಬೆಲೆಯೂ ಅಲ್ಲ. ನವೀಕರಣದ ಕಾಲದಲ್ಲಿ ಹೊಸ ಚಿತ್ರಗಳನ್ನೂ ಮೌಲ್ಯವನ್ನೂ ಕಳಿಸದಿದ್ದರೆ ಹಲವು ಪಾಲಿಸಿಗಳು ಸದ್ದಿಲ್ಲದೆ ಮಾರುಕಟ್ಟೆ ಬೆಲೆಗೆ ಹಿಂದಿರುಗುತ್ತವೆ. ಪೇಟೆ ಏರುತ್ತಿರುವಾಗ ಹಳೆಯ ಒಪ್ಪಿದ ಬೆಲೆ ಒಡೆಯನಿಗೇ ನಷ್ಟ ತರುವುದೂ ಉಂಟು.

ನಮ್ಮ ವಿದ್ಯಾರ್ಥಿಯ ಲೆಕ್ಕಕ್ಕೆ ಬರೋಣ. ವಿಶೇಷ ಪಾಲಿಸಿಯಲ್ಲಿ ಒಪ್ಪಿದ ಬೆಲೆ 60,000 ಪೌಂಡು. ನಷ್ಟವಾದಾಗ ಪಾಲಿಸಿದಾರನೇ ಭರಿಸಬೇಕಾದ ಮೊದಲ ಭಾಗ, ಅಂದರೆ ಎಕ್ಸೆಸ್, 750 ಪೌಂಡು. ಅಗ್ಗದ ಪಾಲಿಸಿಯಲ್ಲಿ ಎಕ್ಸೆಸ್ 1,500 ಪೌಂಡು. ಕಳುವಾದ ದಿನ ಕಂಪೆನಿ ಮಾರುಕಟ್ಟೆ ಬೆಲೆಯನ್ನು 53,000 ಪೌಂಡೆಂದು ಕಟ್ಟಿತೆಂದು ಭಾವಿಸೋಣ. ಮೊದಲನೆಯದರಲ್ಲಿ ಕೈಗೆ ಬರುವುದು 59,250, ಎರಡನೆಯದರಲ್ಲಿ 51,500, ಅಂತರ 7,750 ಪೌಂಡು. ಇದಕ್ಕಾಗಿ ವರ್ಷಕ್ಕೆ ಹೆಚ್ಚಾಗಿ ಕೊಡುವುದು 420 ಪೌಂಡು. 7,750ನ್ನು 420ರಿಂದ ಭಾಗಿಸಿದರೆ ಸುಮಾರು ಹದಿನೆಂಟೂವರೆ. ಎಂದರೆ, ಹದಿನೆಂಟು ವರ್ಷಗಳಿಗೊಮ್ಮೆಯಾದರೂ ತನ್ನ ಕಾರು ಪೂರ್ತಿ ನಷ್ಟವಾಗುವುದೆಂದು ನಂಬಲು ಕಾರಣವುಳ್ಳವನಿಗೆ ಮಾತ್ರ ಈ ಹೆಚ್ಚಿನ ಬೆಲೆ ಸರಾಸರಿಯ ಲೆಕ್ಕದಲ್ಲಿ ಗಿಟ್ಟುತ್ತದೆ. ಗ್ಯಾರೇಜಿನಲ್ಲಿ ನಿಲ್ಲಿಸಿ, ಭಾನುವಾರ ಹೊರತೆಗೆಯುವ ನಡುವಯಸ್ಸಿನ ಒಡೆಯನ ವಿಷಯದಲ್ಲಿ ಇಷ್ಟು ಅಪಾಯವಿದೆಯೆಂದು ನಮಗೆ ತೋರುವುದಿಲ್ಲ. ಬೆಲೆಯ ವಿಚಾರವನ್ನು ಮಾತ್ರ ನೋಡಿದರೆ ಅಗ್ಗದ ಪಾಲಿಸಿಯೇ ಗೆಲ್ಲುತ್ತದೆಂದು ನಾವು ಒಪ್ಪಿಕೊಳ್ಳಬೇಕು. ವಿಶೇಷ ವಿಮೆಯನ್ನು ಮಾರುವವರು ಒಪ್ಪಿದ ಬೆಲೆಯನ್ನೇ ಮುಂದಿಟ್ಟು ಮಾತನಾಡುವುದು ಅಷ್ಟರಮಟ್ಟಿಗೆ ದಾರಿತಪ್ಪಿಸುವ ಮಾತು.

ಇಷ್ಟನ್ನು ಬರೆದು ಕಳಿಸಿದ ಮೇಲೆ ಅವರಿಂದ ಎರಡನೆಯ ಪತ್ರ ಬಂದಿತು. ಅದರ ಕೊನೆಯಲ್ಲಿ, ಬಹು ಸಣ್ಣ ಸಂಗತಿಯೆಂಬಂತೆ, ಒಂದು ಮಾತಿತ್ತು: ಹಿಂದಿನ ಒಡೆಯ ಹೊಗೆಕೊಳವೆಯನ್ನು ಬದಲಾಯಿಸಿದ್ದಾನೆ, ಎಂಜಿನನ್ನು ಆಳುವ ಗಣಕದ ತಂತ್ರಾಂಶವನ್ನೂ ತಿದ್ದಿಸಿ ಅಶ್ವಶಕ್ತಿಯನ್ನು ಹೆಚ್ಚಿಸಿಕೊಂಡಿದ್ದಾನೆ. ತುಲನಾ ತಾಣದ ನಮೂನೆಯಲ್ಲಿ "ಮಾರ್ಪಾಡುಗಳೇನಾದರೂ ಉಂಟೆ?" ಎಂಬ ಪ್ರಶ್ನೆಗೆ ಇವರು "ಇಲ್ಲ" ಎಂದು ಗುರುತು ಹಾಕಿದ್ದರು. ಮಾರ್ಪಾಡು ಮಾಡಿಸಿದವರು ತಾವಲ್ಲವಲ್ಲ ಎಂಬುದು ಅವರ ಸಮಾಧಾನ. ಓದಿ ನಾವು ಬೆಚ್ಚಿಬಿದ್ದೆವೆಂದರೆ ಅತಿಶಯೋಕ್ತಿಯಲ್ಲ. ಲೆಕ್ಕವೆಲ್ಲ ತಲೆಕೆಳಗಾದದ್ದು ಇಲ್ಲಿಯೇ.

ವಿಮೆಯ ಕರಾರು ಪರಮ ವಿಶ್ವಾಸದ ಕರಾರೆಂದು ಲಾರ್ಡ್ ಮ್ಯಾನ್ಸ್‌ಫೀಲ್ಡನು 1766ರ ಕಾರ್ಟರ್ ವಿರುದ್ಧ ಬೋಮ್ ಮೊಕದ್ದಮೆಯಲ್ಲಿ ಎತ್ತಿಹಿಡಿದ ತತ್ತ್ವ ಬಹುಕಾಲ ನಿಷ್ಠುರವಾಗಿಯೇ ನಡೆದುಬಂದಿತು. ಕೇಳದಿದ್ದರೂ ತಾನಾಗಿ ಹೇಳಬೇಕಾದ ಹೊಣೆ ಕೊಳ್ಳುವವನದಾಗಿತ್ತು. ಹೇಳದಿದ್ದರೆ ಕರಾರನ್ನೇ ರದ್ದುಮಾಡಬಹುದಾಗಿತ್ತು. ಗೃಹಸ್ಥನೊಬ್ಬ ತನ್ನ ಕಾರಿಗೆ ಮಾಡಿಸುವ ವಿಮೆಗೆ ಈ ನಿಯಮ ತೀರ ಕಠಿನವೆಂದು ಕಂಡುಬಂದು, ಬ್ರಿಟನ್ನಿನಲ್ಲಿ 2012ರ ಗ್ರಾಹಕ ವಿಮಾ ಶಾಸನ ಅದನ್ನು ಬದಲಾಯಿಸಿತು. 2013ರ ಏಪ್ರಿಲಿನಿಂದ ಜಾರಿಗೆ ಬಂದ ಈ ಶಾಸನದಂತೆ, ಕೊಳ್ಳುವವನು ಕೇಳಿದ ಪ್ರಶ್ನೆಗೆ ತಪ್ಪು ಹೇಳದಂತೆ ತಕ್ಕಷ್ಟು ಎಚ್ಚರ ವಹಿಸಿದರೆ ಸಾಕು. ತಪ್ಪು ನಡೆದರೆ ಫಲವೇನೆಂಬುದನ್ನೂ ಶಾಸನ ಮೂರು ದಾರಿಗಳಲ್ಲಿ ಬಿಡಿಸಿಹೇಳಿದೆ. ಎಚ್ಚರದಿಂದ ಉತ್ತರಿಸಿಯೂ ತಪ್ಪಾಗಿದ್ದರೆ ಕಂಪೆನಿ ಪರಿಹಾರ ಕೊಡಲೇಬೇಕು. ಬೇಕೆಂದೇ ಅಥವಾ ಲೆಕ್ಕಿಸದೆ ಸುಳ್ಳು ಹೇಳಿದ್ದನ್ನು ಕಂಪೆನಿ ಸಿದ್ಧಪಡಿಸಿದರೆ ಪರಿಹಾರವೂ ಇಲ್ಲ, ಕಟ್ಟಿದ ಪ್ರೀಮಿಯಂ ಹಿಂದಕ್ಕೆ ಬರಲೇಬೇಕೆಂಬುದೂ ಇಲ್ಲ. ಇವೆರಡರ ನಡುವಿನದು ಅಜಾಗರೂಕತೆ. ಇಲ್ಲಿ ನಿಜವನ್ನು ತಿಳಿದಿದ್ದರೆ ಕಂಪೆನಿ ಏನು ಮಾಡುತ್ತಿತ್ತೆಂಬುದನ್ನು ನೋಡಬೇಕು. ವಿಮೆಯನ್ನೇ ಕೊಡುತ್ತಿರಲಿಲ್ಲವೆಂದಾದರೆ ಪ್ರೀಮಿಯಂ ಹಿಂದಿರುಗಿಸಿ ಕೈತೊಳೆದುಕೊಳ್ಳಬಹುದು. ಹೆಚ್ಚು ಪ್ರೀಮಿಯಂ ಕೇಳುತ್ತಿತ್ತೆಂದಾದರೆ ಪರಿಹಾರವನ್ನು ಅದೇ ಪ್ರಮಾಣದಲ್ಲಿ ಇಳಿಸಬಹುದು.

ಈ ಪ್ರಮಾಣದ ಸೂತ್ರವನ್ನು ನಮ್ಮ ಉದಾಹರಣೆಗೆ ಹಚ್ಚಿನೋಡಬೇಕು. ಮಾರ್ಪಾಡುಗಳು ತಿಳಿದಿದ್ದರೆ ಅಗ್ಗದ ಕಂಪೆನಿ 1,600 ಪೌಂಡು ಕೇಳುತ್ತಿತ್ತೆಂದು ಇಟ್ಟುಕೊಳ್ಳೋಣ. ಕಟ್ಟಿದ್ದು 960. ಎಂದರೆ ಶೇಕಡ 60. ಆಗ 53,000 ಪೌಂಡಿನ ನಷ್ಟಕ್ಕೆ ಎಕ್ಸೆಸ್ ಕಳೆಯುವ ಮೊದಲೇ ದೊರೆಯುವುದು 31,800 ಪೌಂಡು ಮಾತ್ರ. 21,200 ಪೌಂಡು ಕೈಬಿಟ್ಟಂತಾಯಿತು. ಅಗ್ಗದ ಪೇಟೆಯ ಕಂಪೆನಿಗಳಲ್ಲಿ ಹಲವು ತಂತ್ರಾಂಶ ತಿದ್ದಿದ ಕಾರನ್ನು ಮುಟ್ಟುವುದೇ ಇಲ್ಲವಾದ್ದರಿಂದ, ಏನೂ ಬಾರದಿರುವ ಸಂಭವವೇ ಹೆಚ್ಚು. ಆ ಪಕ್ಷದಲ್ಲಿ ಎರಡು ಪಾಲಿಸಿಗಳ ನಡುವಣ ಅಂತರ 7,750 ಅಲ್ಲ, 59,250. ಹದಿನೆಂಟು ವರ್ಷಗಳಿಗೊಮ್ಮೆಯ ನಷ್ಟವೇನು, ನೂರನಲವತ್ತು ವರ್ಷಗಳಿಗೊಮ್ಮೆ ನಷ್ಟವಾಗುವ ಕಾರಿಗೂ ವಿಶೇಷ ಪಾಲಿಸಿ ಗಿಟ್ಟುತ್ತದೆ. ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ನಿಜವನ್ನು ಹೇಳಿದ ಮೇಲೆ ಅಗ್ಗದ ಕಂಪೆನಿಯ ದರ 1,600 ಆಗುವುದಾದರೆ ಅದು ಅಗ್ಗದ್ದಾಗಿ ಉಳಿಯಲೇ ಇಲ್ಲ. 960 ಎಂಬುದು ಈ ಕಾರಿನ ದರವೇ ಅಲ್ಲ. ಬೇರೊಂದು ಕಾರಿನ, ಕಾರ್ಖಾನೆಯಿಂದ ಬಂದಂತೆಯೇ ಇರುವ ಕಾರಿನ ದರ. ಇಬ್ಬರೂ ಒಂದೇ ವಸ್ತುವಿಗೆ ಎರಡು ಬೆಲೆ ಹೇಳಿದರೆಂದು ನಮ್ಮ ವಿದ್ಯಾರ್ಥಿ ತಿಳಿದಿದ್ದರು. ಹೇಳಿದ್ದು ಎರಡು ವಸ್ತುಗಳಿಗೆ.

ದಾರಿಹೋಕನೊಬ್ಬನಿಗೆ ಪೆಟ್ಟಾದರೆ ಗತಿಯೇನೆಂದು ವಾಚಕರು ಕೇಳಬಹುದು. ಅವನಿಗೆ ಕಾನೂನಿನ ರಕ್ಷಣೆಯಿದೆ. 1930ರ ರಸ್ತೆ ಸಂಚಾರ ಶಾಸನದಿಂದ ಬ್ರಿಟನ್ನಿನಲ್ಲಿ ಮೂರನೆಯ ಪಕ್ಷದ ವಿಮೆ ಕಡ್ಡಾಯವಾಯಿತು. ಇಂದು ಜಾರಿಯಲ್ಲಿರುವ 1988ರ ಶಾಸನದಂತೆ, ವಾಹನದ ಸ್ಥಿತಿ ಸರಿಯಿರಲಿಲ್ಲವೆಂಬಂತಹ ನೆಪಗಳಿಂದ ಕಂಪೆನಿ ಪೆಟ್ಟುತಿಂದವನಿಗೆ ಹಣವನ್ನು ನಿರಾಕರಿಸುವಂತಿಲ್ಲ. ಆದರೆ ಕೊಟ್ಟ ಹಣವನ್ನು ಅದು ಪಾಲಿಸಿದಾರನಿಂದ ವಸೂಲುಮಾಡಬಹುದಾದ ಸಂದರ್ಭಗಳಿವೆ. ಕಾರಿನ ಬೆಲೆ ಎಷ್ಟೇ ದೊಡ್ಡದಾದರೂ ಅದಕ್ಕೊಂದು ಮಿತಿಯಿದೆ; ಮನುಷ್ಯನೊಬ್ಬನ ಜೀವಮಾನದ ಶುಶ್ರೂಷೆಯ ವೆಚ್ಚಕ್ಕೆ ಅಂತಹ ಮಿತಿಯಿಲ್ಲ. ಮನೆಮಾರುಗಳನ್ನು ಕಳೆದುಕೊಳ್ಳುವ ಭಯ ಇರುವುದು ಇಲ್ಲಿಯೇ ಹೊರತು ಕಾರಿನಲ್ಲಲ್ಲ.

ಉಳಿದ ಭೇದಗಳನ್ನು ಬೇಗನೆ ಹೇಳಿಬಿಡಬಹುದು. ದುರಸ್ತಿಯಲ್ಲಿ ಅಗ್ಗದ ಪಾಲಿಸಿ ಕಂಪೆನಿಯ ಮಾನ್ಯತೆ ಪಡೆದ ಕಾರ್ಯಾಗಾರಕ್ಕೇ ಹೋಗಬೇಕೆನ್ನುತ್ತದೆ, ಇಲ್ಲವಾದರೆ ಎಕ್ಸೆಸನ್ನು ಹೆಚ್ಚಿಸುತ್ತದೆ. ವಿಶೇಷ ಪಾಲಿಸಿ ಸಾಮಾನ್ಯವಾಗಿ ಒಡೆಯನ ಆಯ್ಕೆಗೆ ಬಿಡುತ್ತದೆ. ಅಲ್ಯೂಮಿನಿಯಂ, ಇಂಗಾಲದ ನಾರು ಇಂತಹ ವಸ್ತುಗಳಿಂದಾದ ಭಾಗಗಳುಳ್ಳ ಕಾರುಗಳಿಗೆ ಈ ಆಯ್ಕೆ ಬರಿಯ ಸೌಕರ್ಯವಲ್ಲ. ಓಟದ ಅಂಕಣದಲ್ಲಿ ಓಡಿಸುವುದನ್ನು ಅಗ್ಗದ ಪಾಲಿಸಿಗಳು ಹೊರಗಿಡುತ್ತವೆ. ವಿಶೇಷದವುಗಳಲ್ಲಿ ಕೆಲವು ಬೇರೆ ಪ್ರೀಮಿಯಂ ಪಡೆದು, ದೊಡ್ಡ ಎಕ್ಸೆಸ್ ವಿಧಿಸಿ, ಒಪ್ಪಿಕೊಳ್ಳುತ್ತವೆ. ಜರ್ಮನಿಯ ನ್ಯೂರ್ಬುರ್ಗ್‌ರಿಂಗಿನ ಸುಮಾರು 20.8 ಕಿಲೋಮೀಟರಿನ ಉತ್ತರದ ಸುತ್ತು ಇಲ್ಲೊಂದು ಸ್ವಾರಸ್ಯವಾದ ತೊಡಕು. ಪ್ರವಾಸಿಗರಿಗೆ ತೆರೆದ ದಿನಗಳಲ್ಲಿ ಅದು ಸುಂಕ ಕೊಟ್ಟು ಹೋಗುವ ಸಾರ್ವಜನಿಕ ರಸ್ತೆಯೆಂದೇ ಎಣಿಕೆ. ಆದುದರಿಂದ "ಅಂಕಣ" ಎಂಬ ಪದಕ್ಕೆ ಅದು ಸಿಕ್ಕುವುದಿಲ್ಲವೆಂದು ಹಲವರು ವಾದಿಸಿದರು. ವಿಮಾ ಕಂಪೆನಿಗಳು ವಾದಕ್ಕೆ ನಿಲ್ಲಲಿಲ್ಲ; ಪಾಲಿಸಿಯಲ್ಲಿ ಆ ಸ್ಥಳದ ಹೆಸರನ್ನೇ ಬರೆದು ಹೊರಗಿಟ್ಟವು.

ಇನ್ನು ವಿಶೇಷ ಪಾಲಿಸಿಯ ಕಟ್ಟುಪಾಡುಗಳು. ವರ್ಷಕ್ಕೆ ಇಂತಿಷ್ಟೇ ಮೈಲಿ ಓಡಿಸಬೇಕು. ರಾತ್ರಿ ಬೀಗ ಹಾಕಿದ ಗ್ಯಾರೇಜಿನಲ್ಲಿರಬೇಕು. ದಿನನಿತ್ಯದ ಓಡಾಟಕ್ಕೆ ಬೇರೊಂದು ಕಾರಿರಬೇಕು. ಕಳುವಾದ ಕಾರನ್ನು ಹುಡುಕಿಕೊಡುವ ಮಾನ್ಯ ಸಾಧನವನ್ನು ಅಳವಡಿಸಿ ಅದರ ಚಂದಾವನ್ನು ಚಾಲ್ತಿಯಲ್ಲಿಟ್ಟಿರಬೇಕು. ಮೈಲಿಮಿತಿಯ ಕೆಲವು ಪಾಲಿಸಿಗಳಲ್ಲಿ ಕ್ಲೇಮು ಮಾಡದಿದ್ದುದಕ್ಕೆ ಸಲ್ಲುವ ಬೋನಸ್ ಬೆಳೆಯುವುದೂ ಇಲ್ಲ. ಇವನ್ನು ಬರಿಯ ಕಿರುಕುಳವೆಂದು ಎಣಿಸುವುದು ತಪ್ಪು. ಮಾರುವವನಿಗೂ ಕೊಳ್ಳುವವನಿಗೂ ಇರುವ ತಿಳಿವಳಿಕೆ ಸಮನಲ್ಲದಿದ್ದರೆ ಪೇಟೆಯಲ್ಲಿ ಒಳ್ಳೆಯ ಸರಕು ಹಿಂದೆಗೆದು ಕೆಟ್ಟ ಸರಕು ಉಳಿಯುತ್ತದೆಂಬುದನ್ನು ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಉದಾಹರಣೆಯಿಂದಲೇ ತೋರಿಸಿದರು. ವಿಮೆಯಲ್ಲಿ ತಿಳಿವಳಿಕೆ ಹೆಚ್ಚಾಗಿರುವುದು ಕೊಳ್ಳುವವನಲ್ಲಿ: ತಾನು ಹೇಗೆ ಓಡಿಸುವೆನೆಂಬುದನ್ನು ಅವನೇ ಬಲ್ಲ. 1976ರಲ್ಲಿ ರಾಥ್‌ಚೈಲ್ಡ್ ಮತ್ತು ಸ್ಟಿಗ್ಲಿಟ್ಸ್ ಇದಕ್ಕೊಂದು ಉಪಾಯವನ್ನು ವಿವರಿಸಿದರು. ಬೇರೆ ಬೇರೆ ಷರತ್ತುಗಳ ಕರಾರುಗಳನ್ನು ಮುಂದಿಟ್ಟರೆ, ಅಪಾಯ ಕಡಮೆಯಿರುವವನು ತನಗೆ ಹೊರೆಯಾಗದ ಷರತ್ತನ್ನು ಆರಿಸಿಕೊಂಡು ತನ್ನ ಗುರುತನ್ನು ತಾನೇ ಕೊಡುತ್ತಾನೆ. ವರ್ಷಕ್ಕೆ 3,000 ಮೈಲಿಯ ಮಿತಿಯನ್ನು ಯಾರು ಒಪ್ಪುತ್ತಾರೆ? ನಿಜವಾಗಿಯೂ ಅಷ್ಟೇ ಓಡಿಸುವವರು. ಆದುದರಿಂದ ಇಂತಹ ಒಡೆಯರಿಗೆ ವಿಶೇಷ ಪಾಲಿಸಿಯೇ ಸಾಮಾನ್ಯ ಪಾಲಿಸಿಗಿಂತ ಅಗ್ಗವಾಗಿ ದೊರೆಯುವುದೂ ಉಂಟು. "ಅಗ್ಗ" ಮತ್ತು "ವಿಶೇಷ" ಒಂದಕ್ಕೊಂದು ವಿರುದ್ಧಪದಗಳೆಂದು ನಾವೂ ಶೀರ್ಷಿಕೆಯಲ್ಲಿ ಸೂಚಿಸಿಬಿಟ್ಟಿದ್ದೇವೆ. ವಾಚಕರು ಇದನ್ನು ಮನ್ನಿಸಬೇಕು.

ವಿಶೇಷವೆಂಬ ಹೆಸರಿಗೆ ಮರುಳಾಗಲೂಬಾರದು. ಈ ಹೆಸರಿನಲ್ಲಿ ವ್ಯವಹರಿಸುವವರಲ್ಲಿ ಹಲವರು ವಿಮಾ ಕಂಪೆನಿಗಳಲ್ಲ, ದಲ್ಲಾಳಿಗಳು. ಅವರ ಬೆನ್ನ ಹಿಂದೆ ಅಪಾಯವನ್ನು ಹೊರುವ ಕಂಪೆನಿ ಅಗ್ಗದ ಪಾಲಿಸಿಯನ್ನು ಮಾರುವ ಕಂಪೆನಿಯೇ ಆಗಿರುವುದೂ ಅಪರೂಪವಲ್ಲ. ವ್ಯತ್ಯಾಸವಿರುವುದು ಪಾಲಿಸಿಯ ಮಾತುಗಳಲ್ಲಿ ಮತ್ತು ಕ್ಲೇಮಿನ ದಿನ ದೂರವಾಣಿಯ ಆ ತುದಿಯಲ್ಲಿ ಕೂತವನಿಗೆ ಜಿ.ಟಿ.-ಆರ್. ಎಂದರೇನೆಂದು ತಿಳಿದಿದೆಯೇ ಇಲ್ಲವೇ ಎಂಬುದರಲ್ಲಿ. ಮಾರ್ಪಾಡಿಲ್ಲದ, ನಾಲ್ಕೈದು ವರ್ಷ ಹಳೆಯದಾದ, ಪೇಟೆಯಲ್ಲಿ ಧಾರಾಳವಾಗಿ ದೊರೆಯುವ ವೇಗದ ಕಾರಿನ ಒಡೆಯ, ಎಲ್ಲ ಪ್ರಶ್ನೆಗಳಿಗೂ ನಿಜ ಹೇಳಿ, ಎಕ್ಸೆಸನ್ನು ನೋಡಿಕೊಂಡು ಅಗ್ಗದ ಪಾಲಿಸಿಯನ್ನು ಆರಿಸಿದರೆ ನಾವು ಅವನನ್ನು ಅವಿವೇಕಿಯೆನ್ನಲಾರೆವು. ತುಲನಾ ತಾಣಗಳ ದೋಷ ಸುಳ್ಳು ಹೇಳುವುದಲ್ಲ. ಬೆಲೆಯ ಅನುಕ್ರಮದಲ್ಲಿ ಹೆಸರುಗಳನ್ನು ನಿಲ್ಲಿಸಿದಾಗ ಮೊದಲ ಸ್ಥಾನಕ್ಕಾಗಿ ಕಂಪೆನಿಗಳು ಪಾಲಿಸಿಯಿಂದ ಒಂದೊಂದೇ ರಕ್ಷಣೆಯನ್ನು ಕಳಚಿಡತೊಡಗುತ್ತವೆ. ಕಳಚಿದ್ದು ಪಟ್ಟಿಯಲ್ಲಿ ಕಾಣುವುದಿಲ್ಲ. ನವೀಕರಣದ ದರ ಹೊಸ ಗ್ರಾಹಕನ ದರವನ್ನು ಮೀರಕೂಡದೆಂಬ ನಿಯಮವನ್ನು ಬ್ರಿಟನ್ನಿನಲ್ಲಿ 2022ರ ಜನವರಿಯಿಂದ ಜಾರಿಗೆ ತಂದದ್ದರಿಂದ ಮೊದಲ ವರ್ಷ ಕಡಮೆ ಹೇಳಿ ಮುಂದೆ ಸುಲಿಯುವ ದಾರಿ ಮುಚ್ಚಿತು. ಕಳಚುವ ದಾರಿ ಮುಚ್ಚಿಲ್ಲ.

ವಿಮೆಯ ದರ ಕಾರಿನ ಹಣೆಬರಹವನ್ನೇ ಬರೆದ ಪ್ರಸಂಗವೂ ಬ್ರಿಟನ್ನಿನಲ್ಲಿ ನಡೆದಿದೆ. 1986ರಲ್ಲಿ ಬಂದ ಫೋರ್ಡ್ ಸಿಯೆರ ಆರ್.ಎಸ್. ಕಾಸ್ವರ್ತ್ ಸಾಮಾನ್ಯ ಕುಟುಂಬದ ಕಾರಿನ ಮೈಯಲ್ಲಿ ಓಟದ ಎಂಜಿನನ್ನು ಹೊತ್ತ ವಾಹನ. ಕಳ್ಳರಿಗೂ ಅದು ಅಷ್ಟೇ ಪ್ರಿಯವಾಯಿತು. ವಿಮಾ ಕಂಪೆನಿಗಳು ದರವನ್ನು ಏರಿಸುತ್ತ ಹೋದುವು. ಕೆಲವು ವಿಮೆಯನ್ನೇ ನಿರಾಕರಿಸಿದುವು. ಕೊಳ್ಳಲು ಹಣವಿದ್ದವರಿಗೂ ವಿಮೆಗೆ ಹಣವಿಲ್ಲದಂತಾಗಿ 1990ರ ದಶಕದ ಆರಂಭದಲ್ಲಿ ಇಂತಹ ಕಾರುಗಳ ಬೆಲೆ ಬಿದ್ದುಹೋಯಿತು. ಅದೇ ಕಾರಿನ 1987ರ, 500 ಮಾತ್ರ ತಯಾರಾದ ಆರ್.ಎಸ್. 500 ಇಂದು ಹರಾಜಿನಲ್ಲಿ ಲಕ್ಷ ಪೌಂಡನ್ನು ಮೀರಿ ಹೋಗುತ್ತದೆ. ಅಂದು ಮಾರುಕಟ್ಟೆ ಬೆಲೆಯ ಪಾಲಿಸಿಯೇ ಗತಿಯಾಗಿದ್ದ ಕಾರಿಗೆ ಈಗ ಒಪ್ಪಿದ ಬೆಲೆಯಿಲ್ಲದೆ ವಿಮೆ ಮಾಡಿಸುವವರಿಲ್ಲ.

ನಮ್ಮ ದೇಶದ ಏರ್ಪಾಡು ಬೇರೆ ಜಾಡಿನಲ್ಲಿದೆ. 1939ರ ಮೋಟಾರು ವಾಹನ ಶಾಸನದ ವಿಮಾ ವಿಧಿಗಳು 1946ರ ಜುಲೈಯಿಂದ ಜಾರಿಗೆ ಬಂದು, ಮೂರನೆಯ ಪಕ್ಷದ ವಿಮೆ ಇಲ್ಲಿಯೂ ಕಡ್ಡಾಯವಾಯಿತು. ಅದರ ದರವನ್ನು ನಿಗದಿಮಾಡುವುದು ಸರ್ಕಾರ. 2022ರ ಜೂನಿನಿಂದ ಜಾರಿಗೆ ಬಂದ ಪಟ್ಟಿಯಲ್ಲಿ 1,500 ಘನ ಸೆಂಟಿಮೀಟರನ್ನು ಮೀರಿದ ಎಲ್ಲ ಖಾಸಗಿ ಕಾರುಗಳಿಗೂ ವರ್ಷಕ್ಕೆ 7,897 ರೂಪಾಯಿ. ಎರಡು ಲೀಟರಿನ ಕುಟುಂಬದ ಕಾರಿಗೂ 3.8 ಲೀಟರಿನ ಜಿ.ಟಿ.-ಆರ್.ಗೂ ಒಂದೇ ದರ. 50 ವರ್ಗಗಳ ಪದ್ಧತಿಯ ಎದುರು ಇದನ್ನಿಟ್ಟು ನೋಡಿದರೆ ವ್ಯತ್ಯಾಸ ಮನದಟ್ಟಾಗುತ್ತದೆ. ಸ್ವಂತ ಕಾರಿನ ಹಾನಿಯ ದರಗಳು 2007ರಿಂದ ಪೇಟೆಗೆ ಬಿಟ್ಟವಾದರೂ, ಕಾರಿನ ಬೆಲೆಯನ್ನು ತಯಾರಕನ ಪಟ್ಟಿಯ ಬೆಲೆಯಿಂದ ಸವಕಳಿ ಕಳೆದು ಗೊತ್ತುಮಾಡುವ ಹಳೆಯ ಕ್ರಮ ಬೇರೂರಿತು: ಎರಡರಿಂದ ಮೂರು ವರ್ಷದ ಕಾರಿಗೆ ಶೇಕಡ 30, ನಾಲ್ಕರಿಂದ ಐದು ವರ್ಷದ್ದಕ್ಕೆ ಶೇಕಡ 50. ಇದೂ ಒಂದು ಬಗೆಯ ಒಪ್ಪಿದ ಬೆಲೆಯೇ. ಆದರೆ ಆ ಕಾರನ್ನು ನೋಡಿ ಒಪ್ಪಿದ್ದಲ್ಲ, ಅದರ ವಯಸ್ಸನ್ನು ನೋಡಿ ಹೇಳಿದ್ದು. ನಿಜವಾದ ಒಪ್ಪಿದ ಬೆಲೆಯನ್ನು ನಮ್ಮ ತಾರೀಫು ಕೊಟ್ಟದ್ದು 1940ರ ಅಂತ್ಯಕ್ಕೆ ಮುಂಚೆ ತಯಾರಾದ, ಪುರಾತನವೆಂದು ಪ್ರಮಾಣಪತ್ರ ಪಡೆದ ಕಾರುಗಳಿಗೆ.

ವಿಶೇಷ ಪಾಲಿಸಿಯ ಕೆಲಸವನ್ನು ಇಲ್ಲಿ ಮಾಡುವುದು ಮೂಲ ಪಾಲಿಸಿಗೆ ಸೇರಿಸುವ ಹೆಚ್ಚುವರಿ ರಕ್ಷಣೆಗಳು. ಬಿಡಿಭಾಗಗಳ ಸವಕಳಿಯನ್ನು ಕಳೆಯದಿರುವುದು ಒಂದು. ಪೂರ್ತಿ ನಷ್ಟವಾದಾಗ ಕೊಂಡ ರಶೀದಿಯ ಬೆಲೆ ಕೊಡುವುದು ಇನ್ನೊಂದು. ಎಂಜಿನಿನ ರಕ್ಷಣೆ ಮತ್ತೊಂದು. ಈ ಕೊನೆಯದರ ಅಗತ್ಯವನ್ನು ಬೆಂಗಳೂರಿನ ಕಾರಿನ ಒಡೆಯರು 2022ರ ಸೆಪ್ಟೆಂಬರಿನ ಮಳೆಯಲ್ಲಿ ಅರಿತರು. ನಗರದ ಪೂರ್ವಭಾಗದ ಸಿರಿವಂತ ಬಡಾವಣೆಗಳಲ್ಲಿ ಬೆಲೆಬಾಳುವ ಕಾರುಗಳು ನೀರಿನಲ್ಲಿ ಮುಳುಗಿ ನಿಂತವು. ನೆರೆಯಿಂದಾದ ಹಾನಿಗೆ ಮೂಲ ಪಾಲಿಸಿಯಲ್ಲಿಯೇ ಪರಿಹಾರವುಂಟು. ಆದರೆ ನೀರು ಹೊಕ್ಕ ಎಂಜಿನನ್ನು ಚಾಲೂಮಾಡಲು ಹೋಗಿ ಅದು ಕೆಟ್ಟರೆ, ಆ ಹಾನಿ ಮಳೆಯದಲ್ಲ, ಕೀಲಿ ತಿರುಗಿಸಿದವನದೆಂದು ಕಂಪೆನಿ ವಾದಿಸುತ್ತದೆ. ಪಂದ್ಯ, ವೇಗಪರೀಕ್ಷೆಗಳು ನಮ್ಮ ಪಾಲಿಸಿಗಳಲ್ಲಿಯೂ ಹೊರಗೆ. ಮಾರ್ಪಾಡಿನ ವಿಷಯದಲ್ಲಿ ನಮ್ಮ ಕಾನೂನು ಇನ್ನೂ ಬಿಗಿ: ತಯಾರಕನ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಬದಲಾಯಿಸುವಂತಿಲ್ಲವೆಂದು 1988ರ ಶಾಸನದ 52ನೆಯ ವಿಧಿಯನ್ನು ಅರ್ಥೈಸುತ್ತ ಸರ್ವೋಚ್ಚ ನ್ಯಾಯಾಲಯ 2019ರ ಜನವರಿಯಲ್ಲಿ ತೀರ್ಪಿತ್ತಿದೆ. ಬರ್ಮಿಂಗ್‌ಹ್ಯಾಮಿನಲ್ಲಿ ಹೇಳಿ ಹಣ ಕಟ್ಟಿದರೆ ವಿಮೆ ದೊರೆಯುವ ಮಾರ್ಪಾಡು ಬೆಂಗಳೂರಿನಲ್ಲಿ ನೋಂದಣಿಯ ಪ್ರಶ್ನೆಯಾಗುತ್ತದೆ.

ನಮ್ಮ ಸಲಹೆಯಂತೆ ಆ ಹಳೆಯ ವಿದ್ಯಾರ್ಥಿ ಎರಡು ಕಡೆಗೂ ತಂತ್ರಾಂಶದ ಸಂಗತಿಯನ್ನು ತಿಳಿಸಿದರು. ತುಲನಾ ತಾಣದಲ್ಲಿ ಉತ್ತರವನ್ನು ತಿದ್ದಿದೊಡನೆ 960 ಪೌಂಡಿನ ಹೆಸರು ಪಟ್ಟಿಯಿಂದಲೇ ಮಾಯವಾಯಿತಂತೆ. ದಲ್ಲಾಳಿ 1,380ನ್ನು 1,465ಕ್ಕೆ ಏರಿಸಿದರು. ಎಂಜಿನಿನ ಶಕ್ತಿಯನ್ನು ಅಳೆದ ಪತ್ರವನ್ನೂ ಹನ್ನೆರಡು ಛಾಯಾಚಿತ್ರಗಳನ್ನೂ ಹದಿನಾಲ್ಕು ದಿನಗಳೊಳಗಾಗಿ ಕಳಿಸಬೇಕೆಂದರು. ಪತ್ರ ಕಳಿಸಿಯಾಯಿತು, ಚಿತ್ರಗಳನ್ನು ತೆಗೆಯಲು ಮಳೆ ಬಿಡುತ್ತಿಲ್ಲವೆಂದು ಕಳೆದ ವಾರ ಬರೆದಿದ್ದಾರೆ. ಉಳಿದಿರುವುದು ಐದು ದಿನ. ಗ್ಯಾರೇಜಿನೊಳಗೆ ದೀಪ ಹಚ್ಚಿಯಾದರೂ ತೆಗೆಯಿರೆಂದು ಮರುಟಪಾಲಿನಲ್ಲಿ ತಿಳಿಸಿದ್ದೇವೆ.